ಗೋಡೆಯೊಳಗಿನ ಸೌತೆಬೀಜ

ಈ ದೀಪಾವಳಿಗೆ ನೀವೆಲ್ಲ ಬಂದಿದ್ದಾಗ ನಿಮ್ಮಲ್ಲಿ ಸಣ್ಣವಳು ಪಕ್ಕದ ಬೀಜ-ಗೊಬ್ಬರದ ಅಂಗಡಿಯಿಂದ ಓಡಿ ಬಂದು, "ಅಜ್ಜೀ, ಆ ಅಂಗಡಿ ಗೋಡೆಗೆ ಚಿಕನ್ ಪಾಕ್ಸ್ ಆಗಿದೆ" ಎಂದಳು. ಎಲ್ಲರೂ ನಕ್ಕಿರಿ. ಗಾರೆ ಸರಿ ಮಾಡದೆ ಬಣ್ಣ ಬಳಿದರೆ ಹಾಗೇ ಆಗುವುದು ಎಂದು ನಿಮ್ಮಪ್ಪ ಹೇಳಿದ. ನಾನು ಬಾಯಿ ಬಿಡಲಿಲ್ಲ. ಅಷ್ಟು ಜನರ ನಡುವೆ ಕೂತು ಒಂದು ವಿಷಯ ಹೇಳಿ ಮುಗಿಸುವುದು ನನಗೆ ಯಾವತ್ತೂ ಬಂದಿಲ್ಲ. ಬರೆದರೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವು ಗುಳ್ಳೆಗಳಲ್ಲ. ಆ ಹಸಿರು ಬಣ್ಣದ ಕೆಳಗೆ ಇರುವುದು ಸೌತೆಬೀಜ. ಅಂಟಿಸಿದವಳು ಆಚೆಮನೆ ಅಕ್ಕ.

ಅಂಗಡಿ ಆಗುವುದಕ್ಕೆ ಮೊದಲು ಅದು ಅವಳ ಮನೆಯ ಜಗುಲಿಯಾಗಿತ್ತು. ಸಂಬಂಧದಲ್ಲಿ ಅವಳು ನನಗೆ ಏನೂ ಅಲ್ಲ. ನಮ್ಮ ಮನೆಗೆ ತಾಗಿಯೇ ಅವಳ ಮನೆ. ನಾನು ಕೋಲಸಿರ್ಸಿಯಿಂದ ಈ ದಾಸನಕೊಪ್ಪದ ಕಡೆಗೆ ಮದುವೆಯಾಗಿ ಬಂದಾಗ ಅವಳಿಗೆ ನನಗಿಂತ ಹತ್ತು ಹದಿನೈದು ವರ್ಷ ಹೆಚ್ಚಿರಬೇಕು. ಆಗಲೇ ಗಂಡ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಮೈದುನನ ಮಗನನ್ನು ಸಾಕಿಕೊಂಡಿದ್ದಳು.

ನಾನು ಬಂದ ವಾರದಲ್ಲೇ ಒಂದು ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲಿಗೆ ಬಂದು, ಸೌತೆಕಾಯಿಯ ಒಂದು ಹೋಳು ನನ್ನ ಕೈಗೆ ಕೊಟ್ಟು, "ತಿನ್ನು" ಎಂದಳು. ತಿಂದೆ. ಕಹಿ ಎಂದರೆ ಕಣ್ಣಲ್ಲಿ ನೀರು ಬರುವಷ್ಟು ಕಹಿ.

"ಹ್ಯಾಂಗುಂಟು?"

"ಚೆನ್ನಾಗುಂಟು" ಎಂದೆ. ಹೊಸ ಊರು, ಹೊಸ ಬಾಗಿಲು. ಮತ್ತೇನು ಹೇಳಲಿ?

ಅವಳು ಅದೇ ಕಾಯಿಯ ತುದಿ ಕಚ್ಚಿ, ಅಂಗಳಕ್ಕೆ ಥೂ ಎಂದು ಉಗಿದಳು. "ಸುಳ್ಳಿ. ಕಹಿ ಆದ್ರೆ ಕಹಿ ಅನ್ನು. ನಾಚಿಕೆಗೆ ಎಲ್ಲ ನುಂಗೂಕೆ ಹೋದ್ರೆ ಈ ಊರಲ್ಲಿ ಹೊಟ್ಟೆ ಹಾಳು ಮಾಡ್ಕಂಬ್ತಿ" ಎಂದು ಹೊರಟೇ ಹೋದಳು. ಒಳಗೆ ಬಾ ಎಂದು ಕರೆಯುವುದಕ್ಕೂ ಬಿಡಲಿಲ್ಲ. ಅವಳು ಬೇರೆಯವರ ಮನೆಯ ಒಳಗೆ ಬಂದದ್ದು ಕಡಿಮೆ. ಹೊಸ್ತಿಲ ಆಚೆ ಒಂದು ಕೈ ಸೊಂಟಕ್ಕಿಟ್ಟು ನಿಂತು, ಹೇಳುವುದನ್ನು ಹೇಳಿ ತಿರುಗುವವಳು.

ಆ ಕಹಿಕಾಯಿ ಯಾಕೆ ಕೊಟ್ಟಳೆಂದು ಆಮೇಲೆ ತಿಳಿಯಿತು. ಅವಳಿಗೆ ನನ್ನ ನಾಲಿಗೆ ಎಂಥದು ಎಂದು ನೋಡಬೇಕಿತ್ತು. ಬೀಜ ಕೊಡುವ ಮುಂಚೆ ಊರ ಸೊಸೆಯಂದಿರನ್ನೆಲ್ಲ ಹೀಗೆ ನೋಡುತ್ತಿದ್ದಳಂತೆ.

ನಮ್ಮ ಊರಲ್ಲಿ ಆಗ ಎಲ್ಲರ ಹಿತ್ತಲಿನಲ್ಲೂ ಮುಳ್ಳುಸೌತೆಯ ಚಪ್ಪರ ಇರುತ್ತಿತ್ತು. ಬೀಜ ಮಾತ್ರ ಅಕ್ಕನ ಮನೆಯದು. ನೀವು ಪೇಟೆಯಲ್ಲಿ ನೋಡುವ ಉದ್ದ, ನುಣುಪಿನ ಕಾಯಿ ಅದಲ್ಲ. ಗಿಡ್ಡ, ದಪ್ಪ, ಎಳೆಯದಾಗಿದ್ದಾಗ ಮೈಮೇಲೆ ಸಣ್ಣ ಮುಳ್ಳು. ಬಲಿತರೆ ಕಂದು ಬಣ್ಣಕ್ಕೆ ತಿರುಗಿ, ಸಿಪ್ಪೆಯಲ್ಲಿ ಬಲೆಯ ಹಾಗೆ ಬಿರುಕು. ಬಲಿತದ್ದನ್ನು ಅಟ್ಟದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ದೀಪಾವಳಿಯ ಗೋಪೂಜೆಗೆ ಅದನ್ನು ತುರಿದು ಅಕ್ಕಿ ರವೆ, ಬೆಲ್ಲ, ತೆಂಗಿನಕಾಯಿ ಸೇರಿಸಿ ಅರಿಶಿನ ಎಲೆಯಲ್ಲಿ ಕಡುಬು ಬೇಯಿಸುತ್ತಿದ್ದೆವು. ಮೊದಲ ಕಡುಬು ಆಕಳಿಗೆ, ಆಮೇಲೆ ಮನೆಯವರಿಗೆ. ಎಲೆ ಬಿಡಿಸಿದಾಗ ಬರುವ ಆ ವಾಸನೆಯನ್ನು ನಿಮಗೆ ಹೇಗೆ ಹೇಳಲಿ. ನನಗೆ ಬರೆಯಲು ಬರುವುದಿಲ್ಲ ಎಂದು ನನಗೆ ಗೊತ್ತಾಗುವುದು ಇಂಥಲ್ಲಿಯೇ.

ಬೀಜಕ್ಕೆ ಬಿಡುವ ಬಳ್ಳಿಯನ್ನು ಅಕ್ಕ ನಾಲಿಗೆಯಿಂದ ಆರಿಸುತ್ತಿದ್ದಳು. ಪ್ರತಿ ಬಳ್ಳಿಯ ಎಳೆಗಾಯಿಯ ತೊಟ್ಟಿನ ಕಡೆ ಕಚ್ಚಿ ನೋಡುವುದು. ಚೂರು ಕಹಿ ಕಂಡರೂ ಉಗಿದು, ಆ ಬಳ್ಳಿಗೆ ಒಂದು ಹಳೆ ಬಟ್ಟೆಯ ಚೂರು ಕಟ್ಟುವುದು. ಬಟ್ಟೆ ಕಟ್ಟಿದ ಬಳ್ಳಿಯ ಕಾಯಿ ಪಲ್ಯಕ್ಕೆ ಹೋಗಬೇಕೇ ಹೊರತು ಬೀಜಕ್ಕೆ ನಿಲ್ಲುವಂತಿಲ್ಲ. ನಿಂತ ಕಾಯಿಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಯ ಸಣ್ಣ ಬಿಲ್ಲೆಯೊಳಗೆ ಒತ್ತಿ, ಜಗುಲಿಯ ಮಣ್ಣಿನ ಗೋಡೆಗೆ ಬಡಿಯುತ್ತಿದ್ದಳು. ಬೆಳಗಿನ ಬಿಸಿಲು ಅಲ್ಲಿಗೆ ಬೀಳುತ್ತಿತ್ತು. ಇರುವೆ ಬಾರದು, ಹುಳ ಹಿಡಿಯದು. ಮಳೆಗೆ ಮುಂಚೆ ನಾವು ಹೋಗಿ ನಿಂತರೆ ಉಗುರಿನಿಂದ ಬಿಲ್ಲೆ ಎಬ್ಬಿಸಿ ಎಲೆಯ ಮೇಲೆ ಹಾಕುವಳು. ಅದಕ್ಕೆ ದುಡ್ಡಿಲ್ಲ. ದೀಪಾವಳಿಗೆ ಮುಂಚೆ, ತಮ್ಮ ಚಪ್ಪರದ ಮೊದಲ ಬಲಿತ ಕಾಯಿ ತಂದು ಅವಳ ಹೊಸ್ತಿಲ ಮೇಲಿಡಬೇಕು, ಅಷ್ಟೆ. ಅದನ್ನೂ ಅವಳು ಕಚ್ಚಿಯೇ ನೋಡುವಳು. "ನಿಂಗೆ ನೀರು ಹೆಚ್ಚಾತು", "ನಿನ್ನ ಅತ್ತೆ ಬೂದಿ ಹಾಕೂಕೆ ಬಿಡಲಿಲ್ವಾ?" ಎಂದು ಒಬ್ಬೊಬ್ಬರಿಗೂ ಒಂದೊಂದು ಮಾತು. ಚೆನ್ನಾಗಿದ್ದರೆ ಏನೂ ಅನ್ನುತ್ತಿರಲಿಲ್ಲ. ಅವಳು ಸುಮ್ಮನಿದ್ದರೆ ನಾವು ಹಿಗ್ಗಿಕೊಂಡು ಬರುತ್ತಿದ್ದೆವು.

ಗೋಡೆಯಲ್ಲಿ ಹಳೆ ಬೀಜ ಉಳಿಯಲು ಅವಳು ಬಿಡುತ್ತಿರಲಿಲ್ಲ. ಹಳತಾದರೆ ಸರಿಯಾಗಿ ಹುಟ್ಟದು ಎಂದು, ತಾನು ಹಾಕಿ ಉಳಿದದ್ದನ್ನೆಲ್ಲ ಕರೆದು ಕರೆದು ಹಂಚಿ ಗೋಡೆ ಖಾಲಿ ಮಾಡುವಳು. ಅವಳ ಲೆಕ್ಕದಲ್ಲಿ ಊರ ಎಲ್ಲ ಚಪ್ಪರವೂ ಅವಳ ಅಟ್ಟವೇ. ಒಬ್ಬರದು ಹೋದರೆ ಇನ್ನೊಬ್ಬರಲ್ಲಿ ಇರುತ್ತದಲ್ಲ. ಎಲ್ಲರದೂ ಒಂದೇ ಸಲ ಹೋಗಬಹುದೆಂದು ಯಾರು ಎಣಿಸುತ್ತಾರೆ?

ಕಂಪನಿ ಬಂದದ್ದು ನಿಮ್ಮಪ್ಪ ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ. ಬೀಜದ ಕಂಪನಿ. ಅವರು ಕೊಟ್ಟ ಸೌತೆಯನ್ನು ನಮ್ಮ ಹೊಲದಲ್ಲಿ ಬೆಳೆದು, ಕಾಯಿ ಬಲಿಸಿ, ಬೀಜ ತೆಗೆದು ಅವರಿಗೇ ಕೊಡಬೇಕು. ಗೊಬ್ಬರ, ಔಷಧಿ ಎಲ್ಲ ಅವರದೇ. ಅವರ ಸೂಪರ್‌ವೈಜರ್ ಹಾವೇರಿ ಕಡೆಯ ಹುಡುಗ. ಬೈಕಿನಲ್ಲಿ ಬರುತ್ತಿದ್ದ. ಒಳ್ಳೆ ಮಾತಿನವನು, ನಮ್ಮ ಮನೆಯಲ್ಲಿ ಎಷ್ಟೋ ಸಲ ಚಹಾ ಕುಡಿದಿದ್ದಾನೆ. ನಿಮ್ಮ ಅಜ್ಜ ಸಹಿ ಹಾಕಿದರು. ಅಕ್ಕನ ಮೈದುನನ ಮಗನೂ ಹಾಕಿದ. ಹೊಲ ಇದ್ದವರು ಹಾಕದೆ ಉಳಿದದ್ದು ನನಗೆ ನೆನಪಿಲ್ಲ.

ಕೆಲಸ ಹೆಚ್ಚು ಹೆಂಗಸರದೇ ಆಗಿತ್ತು. ನಾಳೆ ಅರಳುವ ಹೆಣ್ಣುಹೂವಿಗೆ ಸಂಜೆ ಕಾಗದದ ಟೊಪ್ಪಿ ಹಾಕುವುದು. ಬೆಳಿಗ್ಗೆ ಬೇರೆ ಸಾಲಿನ ಗಂಡುಹೂವು ಕಿತ್ತು ತಂದು ಅದಕ್ಕೆ ಮುಟ್ಟಿಸಿ, ತೊಟ್ಟಿಗೆ ಕೆಂಪು ದಾರ ಕಟ್ಟುವುದು. "ಸೌತೆಗೆ ತಾಳಿ ಕಟ್ಟೂ ಕಾಲ ಬಂತಲ್ರೇ" ಎಂದು ನಾವು ನಗುತ್ತಿದ್ದೆವು. ಅಕ್ಕ ಬೇಲಿಯಾಚೆ ನಿಂತು ಕೇಳಿಸಿಕೊಂಡು, "ತಾಳಿ ಕಟ್ಟೂಕೆ ನೀವು, ಬಾಣಂತನಕ್ಕೂ ನೀವು. ಹುಟ್ಟಿದ ಮಗು ಮಾತ್ರ ಕಂಪನೀದು" ಎಂದಳು. ಅದಕ್ಕೂ ನಕ್ಕೆವು.

ಒಂದು ದಿನ ಆ ಹುಡುಗ ಎಲ್ಲರನ್ನೂ ಶಾಲೆಯ ಕಟ್ಟೆಯ ಹತ್ತಿರ ಕರೆದು, ಊರೊಳಗೆ ಬೇರೆ ಯಾವ ಸೌತೆಬಳ್ಳಿಯೂ ಇರಬಾರದು ಎಂದ. ಜೇನುನೊಣ ಹಿತ್ತಲಿನ ಹೂವಿನಿಂದ ಹೊಲದ ಹೂವಿಗೆ ಹೋದರೆ ಬೀಜ ಬೆರಕೆಯಾಗುತ್ತದಂತೆ. ಹಾಗಾದರೆ ಕಂಪನಿ ಇಡೀ ಊರಿನ ಬೆಳೆ ತೆಗೆದುಕೊಳ್ಳುವುದಿಲ್ಲವಂತೆ. ಮನೆಗೆ ಬಂದು ಗಂಡಸರು ಹೇಳಿದರು, ಹೆಂಗಸರು ಕಿತ್ತೆವು. ನಮ್ಮ ಚಪ್ಪರದ್ದನ್ನು ನಾನೇ ಕಿತ್ತದ್ದು. ದೀಪಾವಳಿ ಹತ್ತಿರ ಬಂದಿತ್ತು, ಬೀಜಕ್ಕೆ ಬಿಟ್ಟ ಕಾಯಿ ಬಣ್ಣ ತಿರುಗಲು ಇನ್ನೂ ಶುರುವಾಗಿರಲಿಲ್ಲ.

ಅಕ್ಕ ಕೀಳಲಿಲ್ಲ.

ಆ ಹುಡುಗ ಅವಳ ಅಂಗಳಕ್ಕೆ ಹೋದ. ನಾನು ನಮ್ಮ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದೆ, ಎಲ್ಲ ಕೇಳುತ್ತಿತ್ತು.

"ಅಜ್ಜಿ, ಹಿಂಗ ಮಾಡಬ್ಯಾಡ್ರಿ. ನಿಮ್ಮ ಹೂವಿನ ಮ್ಯಾಲ ಕುಂತ ನೊಣ ನಮ್ಮ ಹೂವಿಗೆ ಬಂತಂದ್ರ ನಮ್ಮ ಬೀಜ ಕೆಡತಾವ್ರಿ."

"ಹೌದನಾ? ನಿಮ್ಮ ಹೂವಿಂದು ನಮ್ಮ ಹೂವಿಗೆ ಬರೂದಿಲ್ವಾ?"

ಅವನ ಬೂಟು ಅಂಗಳದಲ್ಲಿ ಸರಪರ ಎಂದದ್ದು ಕೇಳಿತು.

"ಹೇಳು ತಮ್ಮಾ. ನನ್ನ ಬಳ್ಳಿ ಇಲ್ಲಿ ಹಳೇದು. ನಿಂದು ನಿನ್ನೆ ಬಂದದ್ದು. ನಿನ್ನ ಬೀಜ ಕೆಡಬಾರ್ದು ಅಂತ ಊರವರ ಹತ್ರ ಸಹಿ ತಗಂಡೆ. ನನ್ನ ಬೀಜ ಕೆಡಬಾರ್ದು ಅಂತ ನಿನ್ನ ಹತ್ರ ಯಾರು ಸಹಿ ತಗಂಡರು?"

"ಅಜ್ಜಿ, ನಿಮಗ ತಿನ್ನಾಕ ಕಾಯಿ ಬೇಕಾದ್ರ ನಾ ಸಂತಿಯಿಂದ ತಂದು ಕೊಡತೇನ್ರಿ."

ಆಗ ಅವಳು ನಕ್ಕಳು. ಅವಳು ನಕ್ಕದ್ದು ನಾನು ಕೇಳಿದ್ದು ಕಡಿಮೆ. ಚೆನ್ನಾಗಿರಲಿಲ್ಲ.

ಎರಡು ದಿನದ ಮೇಲೆ ಬೆಳಿಗ್ಗೆ ಊರ ಗಂಡಸರೆಲ್ಲ ಅವಳ ಹಿತ್ತಲಿಗೆ ಬಂದರು. ನಿಮ್ಮ ಅಜ್ಜನೂ, ಆ ಕಂಪನಿಯ ಹುಡುಗನೂ ಇದ್ದರು. ಅವಳ ಮೈದುನನ ಮಗ ಹಿಂದೆ ನಿಂತಿದ್ದ. ಅಕ್ಕ ಚಪ್ಪರದ ಕೆಳಗೆ ಮಣೆ ಹಾಕಿ ಕೂತಿದ್ದಳು. ತಲೆಯ ಮೇಲೆ ಕಾಯಿ ಜೋತಾಡುತ್ತಿದ್ದವು. "ದೊಡ್ಡಮ್ಮಾ, ಎಲ್ಲರ ಹೊಟ್ಟೆ ಪ್ರಶ್ನೆ ಇದು, ಹಟ ಮಾಡಬೇಡ" ಎಂದ ಮೈದುನನ ಮಗ.

"ಹಟ ಎಂತಕ್ಕೆ ಮಾಡ್ಲಿ? ಕೀಳಿ" ಎಂದಳು. "ಒಂದೇ ಮಾತು. ಯಾರ ಮನೆಗೆ ನನ್ನ ಗೋಡೆ ಬೀಜ ಹೋಗ್ಲಿಲ್ವೋ ಅವರು ಮುಂದೆ ಬಂದು ಕೀಳಿ."

ಯಾರೂ ಕದಲಲಿಲ್ಲ. ನಿಮ್ಮ ಅಜ್ಜ ನೆಲ ನೋಡುತ್ತಿದ್ದರು. ಬೇಲಿಯ ಈಚೆ ನಾನೂ, ಇನ್ನೂ ನಾಲ್ಕಾರು ಹೆಂಗಸರೂ ಸೆರಗು ಬಾಯಿಗಿಟ್ಟು ನಿಂತಿದ್ದೆವು. ಗಂಡಸರು ಹಾಗೇ ವಾಪಸ್ಸು ಹೋಗುತ್ತಾರೇನೋ ಎಂದು ಒಂದು ಗಳಿಗೆ ಅನ್ನಿಸಿತು.

ಆಗ ಕಂಪನಿಯ ಹುಡುಗ ಬೂಟು ಬಿಚ್ಚಿ, ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮಾಡಿ, ಬಳ್ಳಿಗಳನ್ನು ಒಂದೊಂದಾಗಿ ಬುಡಸಹಿತ ಕಿತ್ತ. ಅವಳ ಬೀಜ ಮನೆಗೆ ಒಯ್ಯದವನು ಅಲ್ಲಿ ಅವನೊಬ್ಬನೇ ತಾನೇ. ಅವಳ ಮಾತಿನ ಪ್ರಕಾರವೇ ನಡೆದುಕೊಂಡ. ಇವತ್ತಿಗೂ ನನಗೆ ಸಿಟ್ಟು ಬರುವುದು ಅವನು ಕಿತ್ತದ್ದಕ್ಕಲ್ಲ, ಕಾಲು ಮುಟ್ಟಿದ್ದಕ್ಕೆ.

ಆ ವರ್ಷ ಗೋಪೂಜೆಗೆ ಕುಂಬಳಕಾಯಿಯ ಕಡುಬು ಮಾಡಿದೆವು. ಅಕ್ಕನ ಹೊಸ್ತಿಲ ಮೇಲೆ ಯಾರೂ ಕಾಯಿ ಇಡಲಿಲ್ಲ, ಇಡಲು ಯಾರಲ್ಲೂ ಇರಲಿಲ್ಲ. ಹಬ್ಬ ಕಳೆದು ತಿಂಗಳಲ್ಲಿ ಹೊಲದ ಕಾಯಿ ಬಲಿತವು. ಸೀಳಿ ಬೀಜ ತೆಗೆದು ತೊಳೆದು ಕೊಟ್ಟೆವು. ತಿರುಳು ಗುಡ್ಡೆ ಗುಡ್ಡೆ ಬಿತ್ತು. ಔಷಧಿ ಹೊಡೆದದ್ದು, ನೀವೂ ತಿನ್ನಬೇಡಿ, ದನಕ್ಕೂ ಹಾಕಬೇಡಿ ಎಂದು ಆ ಹುಡುಗ ಹೇಳಿಹೋದ. ಗುಂಡಿ ತೆಗೆದು ಮುಚ್ಚಿದೆವು. ಊರ ತುಂಬ ಕೊಳೆತ ಸೌತೆಯ ವಾಸನೆ, ಉಣ್ಣುವ ಎಲೆಯ ಮೇಲೆ ಒಂದು ಹೋಳಿಲ್ಲ. ನೆಂಟರು ಬಂದ ದಿನ ನಿಮ್ಮ ಅಜ್ಜ ಶಿರಸಿ ಪೇಟೆಯಿಂದ ಸೌತೆಕಾಯಿ ತಂದರು. ಯಾವ ಊರಿಂದ ಲಾರಿಯಲ್ಲಿ ಬಂದದ್ದೋ.

ಅಕ್ಕ ಮಾತ್ರ ಕಿತ್ತ ಬಳ್ಳಿಯಿಂದ ಬಲಿಯುತ್ತಿದ್ದ ಕಾಯಿಗಳನ್ನು ಆರಿಸಿ ಅಟ್ಟಕ್ಕಿಟ್ಟಿದ್ದಳು. ಅವು ಅಲ್ಲೇ ಹೇಗೋ ಬಣ್ಣ ತಿರುಗಿದವು. ಬೀಜ ಗೋಡೆಗೆ ಏರಿತು. ಮರುವರ್ಷ, ಕಂಪನಿಯ ನಾಟಿಗೆ ಮೊದಲೇ ಕಾಯಿ ಮುಗಿಯುವ ಹಾಗೆ, ಮಳೆ ಹಿಡಿಯುವ ಮುಂಚೆ ಕೊಡದಲ್ಲಿ ನೀರು ಹೊತ್ತು ಬೆಳೆಸಿದಳು. ನಾನೂ ಕೆಲವು ಕೊಡ ಹೊತ್ತುಕೊಟ್ಟೆ.

ಕಾಯಿ ಬಂತು. ಉದ್ದಕ್ಕೆ, ಬಿಳಿಚಿಕೊಂಡು, ಮುಳ್ಳಿಲ್ಲದೆ. ಒಂದು ಬಳ್ಳಿಯದು ಹಾಗೆ, ಇನ್ನೊಂದರದು ಹೀಗೆ. ಬಳ್ಳಿ ಕೀಳುವ ಮುಂಚೆಯೇ ಹೊಲದ ನೊಣ ಅವಳ ಹೂವಿಗೆ ಬಂದು ಹೋಗಿತ್ತು. ಅಕ್ಕ ಮೊದಲ ಬಳ್ಳಿಯದನ್ನು ಕಚ್ಚಿ ಉಗಿದು ಬಟ್ಟೆ ಕಟ್ಟಿದಳು. ಎರಡನೆಯದಕ್ಕೂ ಕಟ್ಟಿದಳು. ಕಡೆಯ ಬಳ್ಳಿಯ ಹತ್ತಿರ ಬರುವಾಗ ಕಟ್ಟಲು ಬಟ್ಟೆ ಮುಗಿದಿತ್ತು. ಅದು ಕಹಿ ಇರಲಿಲ್ಲ. ಬರೀ ನೀರು. ತುಂಬ ಹೊತ್ತು ಬಾಯಲ್ಲೇ ಇಟ್ಟುಕೊಂಡು, "ಇದು ನಂದಲ್ಲ" ಎಂದಳು.

ಅವಳ ಮಾತಿನಂತೆ ನಾನು ತವರಿಗೆ ಹೋದಾಗ ಕೋಲಸಿರ್ಸಿಯ ಅತ್ತಿಗೆಯ ಹತ್ತಿರ ಹಳೆ ಸೌತೆಯ ಒಂದಿಷ್ಟು ಬೀಜ ಕೇಳಿ ತಂದೆ. ಅಕ್ಕ ಅದನ್ನು ಬೆಳೆಸಿ ಕಚ್ಚಿ ನೋಡಿ, "ಇದೂ ಪ್ಯಾಕೆಟ್ಟಿಂದೇ ತಂಗೀ. ನಿನ್ನ ಅತ್ತಿಗೆ ನಿಂಗೆ ಹೇಳ್ಲಿಲ್ಲ ಅಷ್ಟೇ" ಎಂದಳು.

ಕೆಲವು ವರ್ಷ ಬೆಳೆಸಿಕೊಂಡು ಕಂಪನಿ ಹೋಯಿತು. ಜಗಳವಿಲ್ಲ, ಹೇಳಿಕೆಯಿಲ್ಲ. ಬೇರೆ ಕಡೆ ಕೂಲಿ ಅಗ್ಗವಂತೆ. ಆ ಹುಡುಗನ ಬೈಕು ಬರುವುದು ನಿಂತಿತು. ಆಗ ಊರ ಹೆಂಗಸರಿಗೆ ಹಿತ್ತಲಿನ ನೆನಪಾಯಿತು. ಮಳೆಗೆ ಮುಂಚೆ ನಾಲ್ಕೈದು ಜನ ಅಕ್ಕನ ಹೊಸ್ತಿಲಿಗೆ ಹೋಗಿ ನಿಂತರು. ಗೋಡೆ ತುಂಬ ಆ ಬೆರಕೆ ಬೀಜದ ಬಿಲ್ಲೆ ಹಾಗೇ ಕಾಣುತ್ತಿತ್ತು.

"ಅಕ್ಕಾ, ಒಂದು ನಾಲ್ಕು ಬೀಜ."

"ಇಲ್ಲೆ."

"ಗೋಡೆ ಮೇಲೆ ಉಂಟಲ್ಲೇ ಅಕ್ಕಾ!"

"ಗೋಡೆ ನಂದು. ನಿಮಗೆ ಬೇಕಾದ್ರೆ ಕಂಪನಿಯವರ ಹತ್ರ ಕೇಳಿ, ಸಹಿ ಹಾಕಿಕೊಟ್ಟೀರಲ್ಲ" ಎಂದು ಬಾಗಿಲು ಹಾಕಿಕೊಂಡಳು.

ಅವತ್ತಿನಿಂದ ಅವಳಿಗೆ ಹೊಟ್ಟೆಕಿಚ್ಚಿನವಳು ಎಂಬ ಹೆಸರು ಬಂತು. ಹಾವು ನಿಧಿ ಕಾದ ಹಾಗೆ ಬೀಜ ಕಾಯುತ್ತಾಳೆ ಎಂದರು. ಮೈದುನನ ಮಗನ ಹೆಂಡತಿಯೂ ಹಾಗೇ ಅಂದಳು. ನನಗೆ ತಡೆಯಲಿಲ್ಲ. "ಅಕ್ಕಾ, ಬೀಜ ಕೆಟ್ಟದ್ದಕ್ಕೆ ಕೊಡ್ತಾ ಇಲ್ಲ ಅಂತ ನಾನಾದ್ರೂ ಹೇಳ್ತೆ" ಎಂದೆ.

"ನೀ ಹೇಳಿದ್ರೆ ನಿನ್ನ ಸಂಗಡ ಮಾತು ಬಿಟ್ಟೆ."

"ಎಂತಕ್ಕೆ?"

"ನಂಗೆ ಬೀಜ ಉಂಟು, ಕೊಡೂದಿಲ್ಲ ಅಂತ ಅವರು ಬಯ್ಯಲಿ. ಬೀಜ ಇಲ್ಲ ಅಂತ ಅಯ್ಯೋ ಪಾಪ ಅನ್ನೂದು ಬ್ಯಾಡ. ಯಾರು ಕಿತ್ತರೋ ಅವರಿಂದಲೇ ಅಯ್ಯೋ ಪಾಪ ಅನ್ನಿಸ್ಕಂಬೂಕೆ ನಾ ಬದುಕಿಲ್ಲ."

"ಹಾಗಾದ್ರೆ ಆ ಬಿಲ್ಲೆ ತೆಗೆದು ಎಸೀ ಅಕ್ಕಾ. ಸುಮ್ಮನೆ ಎಂತಕ್ಕೆ?"

"ಇರ್ಲಿ. ಗೋಡೆ ಖಾಲಿ ಕಂಡ್ರೆ ಕೇಳ್ತರು."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಎಷ್ಟೋ ವರ್ಷ ಆ ಸತ್ತ ಬೀಜ ಗೋಡೆಯ ಮೇಲೆ ಹಾಗೇ ಇತ್ತು. ಸಗಣಿ ಉದುರಿದ ಕಡೆ ಅವಳು ಹೊಸ ಸಗಣಿ ಹಚ್ಚುತ್ತಿದ್ದಳು. ನಾನು ನೋಡಿದ್ದೇನೆ.

ಊರವರು ಹೇಳುವುದರಲ್ಲಿ ಏನೂ ನಿಜವಿಲ್ಲ ಎಂದು ನಾನು ಹೇಳಲಾರೆ. ಅವಳು ಕೊನೆಕೊನೆಗೆ ಹತ್ತಿರ ಹೋಗಲು ಕಷ್ಟವಾಗುವ ಹೆಂಗಸಾದಳು. ನಿಮ್ಮ ಅಜ್ಜ ತೀರಿಕೊಂಡಾಗ ಬಂದು, ಹೊಸ್ತಿಲ ಆಚೆಯೇ ನಿಂತು, "ಒಳ್ಳೆಯವ. ನೆಲ ನೋಡ್ತಾ ನಿಂತಿದ್ದ, ಕೀಳೂಕೆ ಕೈ ಹಾಕ್ಲಿಲ್ಲ" ಎಂದಳು. ಅಂಥ ದಿನ ಬೇರೆ ಮಾತು ಇರಲಿಲ್ಲವೇ? ಎಷ್ಟೋ ದಿನ ನನಗೆ ಅವಳ ಮುಖ ನೋಡಲು ಆಗಲಿಲ್ಲ. ಈಗ ಅನ್ನಿಸುತ್ತದೆ, ನಮ್ಮ ಮನೆಯ ಬಾಗಿಲಲ್ಲಿ ಅವತ್ತು ಸುಳ್ಳು ಹೇಳದವಳು ಅವಳೊಬ್ಬಳೇ.

ಹೋದ ವರ್ಷ ಮಳೆಗಾಲದಲ್ಲಿ ಅವಳು ಹೋದಳು. ಅವಳ ಕಾರ್ಯದ ಊಟಕ್ಕೆ ಕೋಸಂಬರಿ ಮಾಡಿದ್ದರು. ಹುಬ್ಬಳ್ಳಿಯಿಂದ ಬಂದ ಸೌತೆಕಾಯಿ. ನನ್ನ ಪಕ್ಕ ಕೂತವಳು ಅದನ್ನು ತಿನ್ನುತ್ತಲೇ, "ಬೀಜ ಸಂಗಡ ತಗಂಡೇ ಹೋದ್ಲು ಬಿಡು" ಎಂದಳು. ನಾನು ಸುಮ್ಮನಿದ್ದೆ. ಕೊಟ್ಟ ಮಾತು ಇತ್ತಲ್ಲ. ಈಗ ನಿಮಗೆ ಬರೆದೆ. ಅಯ್ಯೋ ಪಾಪ ಎನ್ನಬೇಡಿ.

ಚಳಿಗಾಲಕ್ಕೆ ಮೈದುನನ ಮಗ ಜಗುಲಿಯನ್ನು ಅಂಗಡಿ ಮಾಡಿದ. ಬಿಲ್ಲೆ ಕೆರೆಯುವ ಕೂಲಿ ಯಾಕೆಂದು ಅದರ ಮೇಲೆಯೇ ಬಣ್ಣ ಬಳಿಸಿದ. ಆ ಗೋಡೆಗೇ ಒರಗಿಸಿ ಕಬ್ಬಿಣದ ಸ್ಟ್ಯಾಂಡು ಇಟ್ಟು ಬೀಜದ ಪ್ಯಾಕೆಟ್ಟು ನೇತುಹಾಕಿದ್ದಾನೆ. ಈ ವರ್ಷ ಮಳೆಗೆ ಮುಂಚೆ ನನ್ನನ್ನು ಕರೆದು, "ಅತ್ತೇ, ಹಳೇ ನಮೂನೆ ಬಂದದೆ ನೋಡಿ" ಎಂದ. ಪ್ಯಾಕೆಟ್ಟಿನ ಮೇಲೆ 'ಮಲೆನಾಡ ನಾಟಿ ಸೌತೆ' ಎಂದು ಬರೆದಿತ್ತು. ಕಂದು ಬಣ್ಣದ ಕಾಯಿಯ ಚಿತ್ರ. ಪಕ್ಕದಲ್ಲಿ ಕುಂಕುಮ ಇಟ್ಟುಕೊಂಡು ನಗುವ ಒಬ್ಬಳು ಅಜ್ಜಿ. ಬೀಜ ಸುರಿದರೆ ಔಷಧಿ ಬಳಿದ ಗುಲಾಬಿ ಬಣ್ಣ. ಈ ಬೆಳೆಯಿಂದ ಮತ್ತೆ ಬೀಜ ಮಾಡಿಕೊಳ್ಳಬೇಡಿ ಎಂದು ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇತ್ತು. ನೀವು ಹಬ್ಬಕ್ಕೆ ಬರುತ್ತೀರಿ, ಕಡುಬು ಎಂದರೆ ಏನು ಎಂದು ಒಮ್ಮೆಯಾದರೂ ತಿಳಿಯಲಿ ಎಂದು ಕೊಂಡು ತಂದೆ.

ಕಾಯಿ ಬಂದವು. ಹಬ್ಬದ ದಿನ ತುರಿಯುವ ಮುಂಚೆ, ಅಭ್ಯಾಸ ಬಲದಿಂದ, ತೊಟ್ಟಿನ ಕಡೆ ಕಚ್ಚಿದೆ. ಕಹಿ. ಉಗಿಯಲು ಅಂಗಳಕ್ಕೆ ಬಂದರೆ ನೀವೆಲ್ಲ ಅಲ್ಲಿ ಆಕಳಿಗೆ ಹೂವಿನ ಹಾರ ಹಾಕಿ ಫೋಟೋ ತೆಗೆಯುತ್ತಿದ್ದಿರಿ. "ಅಜ್ಜೀ, ಇಲ್ಲಿ ನೋಡಿ" ಎಂದು ನಗುತ್ತಿದ್ದಿರಿ. ನುಂಗಿದೆ. ಒಳಗೆ ಹೋಗಿ ಕಹಿಯಿದ್ದ ಕಡೆ ಕೊಯ್ದು ತೆಗೆದು, ಇನ್ನೊಂದು ಉಂಡೆ ಬೆಲ್ಲ ಹಾಕಿದೆ.

ನೀವು ಎಲೆ ಬಿಡಿಸಿ ತಿಂದು, ತುಂಬ ಚೆನ್ನಾಗಿದೆ ಎಂದಿರಿ. ಸಣ್ಣವಳು, "ಇದೇ ಅಲ್ವಾ ಅಜ್ಜಿ, ನೀವು ಯಾವಾಗಲೂ ಹೇಳೋ ಕಡುಬು?" ಎಂದು ಕೇಳಿದಳು.

ಹೌದು ಎಂದು ಅವಳ ಎಲೆಗೆ ಇನ್ನೊಂದು ಹಾಕಿದೆ.

ಅದಲ್ಲ ಮಕ್ಕಳೇ. ಆ ಕಡುಬು ನೀವು ತಿಂದಿಲ್ಲ. ಇನ್ನು ತಿನ್ನುವುದೂ ಇಲ್ಲ.